ಹಿತ್ತಲ ಗೋಡೆಯ ಹೆಪ್ಪು

ಬಸಕ್ಕನ ಎಡಗಾಲಿನ ಹೆಬ್ಬೆರಳು ಕಪ್ಪಾಗತೊಡಗಿದ ವಾರವೇ ಅವಳ ಮೊಸರಿನ ಗಡಿಗೆಗೆ ಹಲ್ಲಿ ಬಿತ್ತು. ಬೆರಳಿನ ವಿಷಯ ಅವಳು ಯಾರಿಗೂ ಹೇಳಲಿಲ್ಲ. ಹಲ್ಲಿಯ ವಿಷಯ ಓಣಿಗೆಲ್ಲ ಸಾರಿದಳು. ಮೊಸರು ಚೆಲ್ಲಿ, ಗಡಿಗೆ ಒಡೆದು, ಬೇರೆ ಪಾತ್ರೆ ಬೆಳಗಿಟ್ಟು, ಮುಸ್ಸಂಜೆಯ ಹೊತ್ತಿಗೆ ಹಿತ್ತಲ ಗೋಡೆಯ ಹತ್ತಿರ ಬಂದು ಕೂಗಿದಳು.

"ನೀಲವ್ವಾ, ಒಂದೀಟ ಹೆಪ್ಪ ಕೊಡಬೇ. ನಮ್ಮನ್ಯಾಗಿಂದು ಹಲ್ಲಿ ಪಾಲಾತು."

ಗೋಡೆಯ ಈಚೆ ನೀಲವ್ವ ಹಸನು ಮಾಡುತ್ತಿದ್ದ ಅಕ್ಕಿಯ ಮೊರ ಕೆಳಗಿಟ್ಟು ಏಳತೊಡಗಿದಳು. ಅವಳಿಗಿಂತ ಮೊದಲು ಅವಳ ಮಗಳು ಮಾದೇವಿ ಎದ್ದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಕೊಡಬ್ಯಾಡ."

"ಏನಂದಿ?"

"ಕೊಡಬ್ಯಾಡ ಅಂದೆ. ನಮ್ಮ ಓಣಿ ಹೆಪ್ಪು ಆ ಓಣಿಗೆ ಹೋಗಬಾರದು. ಹೆಪ್ಪ ಹಂಚೋವಾಗ ನಾನ ಬಂದು ಮನಿಮನಿಗೆ ಹೇಳೇನಲ್ಲ?"

"ನೀ ಹೇಳಿದ್ದು ಆಫೀಸಿನ ಮಾತು. ಆಕಿ ಬಸಕ್ಕ. ನಿನ್ನ ಬಾಣಂತನಾ ಮಾಡಿದಾಕಿ."

"ನನ್ನ ಬಾಣಂತನಾ ಅಲ್ಲ, ನಿಂದು."

"ಅದರಾಗ ಹುಟ್ಟಿದಾಕಿ ಯಾರು, ಆಕಳ ಕರಾನ?"

ಇಲ್ಲಿ ಆ ಹೆಪ್ಪಿನ ಸಂಗತಿ ಹೇಳಬೇಕು. ನಡುಪ್ರಾಯದಲ್ಲಿ ಬರುವ ಸಕ್ಕರೆ ಕಾಯಿಲೆಗೆ ಕರುಳಿನ ಬ್ಯಾಕ್ಟೀರಿಯಾಗಳ ಪಾಲೂ ಇದೆ ಎಂಬುದು ಆ ಹೊತ್ತಿಗೆ ಹಳೆಯ ಸುದ್ದಿಯಾಗಿತ್ತು. ಕರುಳಿನಲ್ಲಿರುವ ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ನಾವು ತಿಂದ ನಾರನ್ನು ಹುಳಿಸಿ ಒಂದು ಬಗೆಯ ಆಮ್ಲವನ್ನು ಮಾಡುತ್ತವೆ. ಆ ಆಮ್ಲ ಕರುಳಿನ ಒಳಪದರವನ್ನು ಬಿಗಿಯಾಗಿಡುತ್ತದೆ. ಆ ಜಾತಿಗಳು ಕಡಿಮೆಯಾದರೆ ಒಳಪದರ ಸೋರುತ್ತದೆ. ಸೋರಿದ ಕಸ ರಕ್ತಕ್ಕೆ ಸೇರಿ ಮೈಯೊಳಗೆ ಬೂದಿ ಮುಚ್ಚಿದ ಕೆಂಡದಂತೆ ಉರಿಯುತ್ತಲೇ ಇರುತ್ತದೆ. ಇನ್ಸುಲಿನ್ ಎಷ್ಟು ಕೂಗಿದರೂ ಜೀವಕೋಶಗಳು ಕಿವಿಗೊಡುವುದಿಲ್ಲ. ಇಷ್ಟನ್ನು ತಿಳಿದಿದ್ದ ಒಂದು ಸಂಸ್ಥೆ, ಹಾಲಿನಲ್ಲಿ ಬೆಳೆಯುವ, ಮೊಸರಿನ ಹುಳಿಯಲ್ಲಿ ಸಾಯದ, ಕರುಳಿಗೆ ಇಳಿದು, ದಿನವೂ ಮೊಸರು ಸಿಗುವವರೆಗೆ ಅಲ್ಲೇ ಒಕ್ಕಲಾಗಿರುವ ಒಂದು ತಳಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿತ್ತು. ಮಾತ್ರೆ ಬೇಡ, ಕಾರ್ಖಾನೆ ಬೇಡ. ಒಂದು ಚಮಚ ಹೆಪ್ಪು ಕೊಟ್ಟರೆ ಮನೆಯ ಹೆಂಗಸು ದಿನವೂ ಔಷಧಿ ತಯಾರಿಸಿಕೊಳ್ಳುತ್ತಾಳೆ.

ಹಾಗೆಂದು ನಂಬಿದರೆ ಸಾಲದು, ತೋರಿಸಬೇಕು. ಅದಕ್ಕೇ ಬೆಟಗೇರಿಯ ಈ ನೇಕಾರರ ಓಣಿಗಳನ್ನು ಆರಿಸಿದ್ದರು. ಮಗ್ಗದ ಮೇಲೆ ಕೂತೇ ಬದುಕುವ ಜನ. ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ. ಮೂರನೇ ಓಣಿಯ ಮನೆಗಳಿಗೆ ಹೊಸ ಹೆಪ್ಪು, ನಾಲ್ಕನೇ ಓಣಿಗೆ ಅದರಂತೆಯೇ ಕಾಣುವ ಸಾದಾ ಹೆಪ್ಪು. ಯಾವುದು ಯಾರಿಗೆ ಎಂದು ಓಣಿಯವರಿಗೆ ಹೇಳಿರಲಿಲ್ಲ. ಪ್ರತಿ ಮನೆಯ ಪಾಯಖಾನೆಯ ಕೊಳವೆಗೆ ಅಂಗೈಯಗಲದ ಯಂತ್ರವೊಂದನ್ನು ಕೂಡಿಸಿದ್ದರು. ಹೊಸ ತಳಿಯ ಕುರುಹು ಸಿಕ್ಕರೆ ಅದು ಕಂಟ್ರೋಲ್ ರೂಮಿಗೆ ಸುದ್ದಿ ಕಳಿಸುತ್ತಿತ್ತು. ಅಲ್ಲಿನ ಪರದೆಯ ಮೇಲೆ ಆ ಮನೆಯ ಜಾಗದಲ್ಲಿ ಹಸಿರು ಚುಕ್ಕೆ ಮೂಡುತ್ತಿತ್ತು. ಓಣಿಯವರು ಅದನ್ನು ಸಿಐಡಿ ಎಂದು ಕರೆಯುತ್ತಿದ್ದರು. "ತಿಂದದ್ದಕ್ಕ ಲೆಕ್ಕಾ ಕೇಳೋರನ್ನ ನೋಡೇನಿ, ಹೇತದ್ದಕ್ಕ ಕೇಳೋರನ್ನ ಈಗ ನೋಡಿದೆ" ಎಂದು ಬಸಕ್ಕ ಯಂತ್ರ ಕೂಡಿಸಲು ಬಂದವರ ಮುಂದೆಯೇ ಹೇಳಿ ಅವರ ಮುಖ ಕೆಂಪಾಗಿಸಿದ್ದಳು.

ಮಾದೇವಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ್ದಳು. ಯೋಜನೆಯಲ್ಲಿ ಅವಳಿಗೆ ಗುತ್ತಿಗೆ ಕೆಲಸ. ಅಂಕಗಳಿಗಿಂತ ಹೆಚ್ಚಾಗಿ, ಓಣಿಯ ಹೆಂಗಸರು ಅವಳಿಗೆ ಬಾಗಿಲು ತೆರೆಯುತ್ತಾರೆಂದು ಅವಳನ್ನು ತೆಗೆದುಕೊಂಡಿದ್ದರು. ಓಣಿಗಳನ್ನು ಭಾಗ ಮಾಡಿದ ದಿನ ಯೋಜನೆಯ ಮುಖ್ಯಸ್ಥ ಡಾಕ್ಟರ್ ಹಂಚಿನಮನಿ ನಕಾಶೆಯನ್ನು ಪರದೆಯ ಮೇಲೆ ಹಾಕಿ, "ಈ ಓಣಿಯ ಹೆಪ್ಪು ಆ ಓಣಿಗೆ ಹೋಗೋ ಸಂಭವ ಐತೇನ್ರಿ?" ಎಂದು ಅವಳನ್ನೇ ಕೇಳಿದ್ದರು. ನಕಾಶೆಯಲ್ಲಿ ಮನೆಗಳಿಗೆ ಮುಂಬಾಗಿಲು ಮಾತ್ರ ಇತ್ತು. ಮೂರನೇ ಓಣಿಯ ಮುಂಬಾಗಿಲಿನಿಂದ ನಾಲ್ಕನೆಯದಕ್ಕೆ ಹೋಗಬೇಕೆಂದರೆ ಗುಡಿ ಬಳಸಿ, ನಲ್ಲಿ ದಾಟಿ, ಅರ್ಧ ಊರು ಸುತ್ತಬೇಕು. ಎರಡು ಓಣಿಗಳ ಬೆನ್ನು ಕೂಡುವ ಜಾಗದಲ್ಲಿ ಒಂದು ಸಪೂರ ಗೆರೆಯಿತ್ತು, ಅಷ್ಟೆ. ಆ ಗೆರೆ ಎದೆಯೆತ್ತರದ ಹಿತ್ತಲ ಗೋಡೆಯೆಂದೂ, ಈ ಓಣಿಗಳ ಹೆಂಗಸರು ಮುಂಬಾಗಿಲಿನಿಂದ ಬದುಕುವವರಲ್ಲವೆಂದೂ, ಆ ಗೋಡೆಯ ಮೇಲಿಂದ ಸಾರು, ಹಿಂಡಿ, ಅಳುವ ಕೂಸು, ಸೊಸೆಯ ದೂರು, ಹೆಪ್ಪು ಎಲ್ಲವೂ ಆಚೀಚೆ ದಾಟುತ್ತವೆಂದೂ ಮಾದೇವಿಗೆ ಗೊತ್ತಿತ್ತು. ಓಣಿ ಸರಿಯಿಲ್ಲ ಎಂದರೆ ಯೋಜನೆ ಬೇರೆ ಊರಿಗೆ ಹೋಗುತ್ತದೆಂಬುದೂ ಗೊತ್ತಿತ್ತು.

"ಇಲ್ರಿ ಸರ್, ಹೋಗಂಗಿಲ್ಲ" ಎಂದಿದ್ದಳು.

ಈಗ ಗೋಡೆಯಾಚೆ ಬಸಕ್ಕ ಇನ್ನೊಮ್ಮೆ ಕೂಗಿದಳು. "ನೀಲವ್ವಾ, ಹೆಪ್ಪ ತರಾಕ ಹುಬ್ಬಳ್ಳಿಗಿ ಹೋಗೀಯೇನ?"

ನೀಲವ್ವ ಮಗಳ ಮುಖ ನೋಡಿದಳು. ವರ್ಷಗಟ್ಟಲೆ ಸೂಜಿ ಚುಚ್ಚಿಕೊಂಡ ನೀಲವ್ವನ ಹೊಟ್ಟೆಗೆ ಈಗ ಸೂಜಿ ಬೇಕಾಗುತ್ತಿರಲಿಲ್ಲ. ಮುಂಜಾನೆ ಎದ್ದರೆ ಕಣ್ಣು ಮಂಜಾಗುತ್ತಿರಲಿಲ್ಲ. ಯಾವ ಓಣಿಗೆ ಯಾವ ಹೆಪ್ಪು ಎಂದು ಮಗಳು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ತನ್ನ ಮೈ ತಾನೇ ಹೇಳಿದ್ದನ್ನು ನೀಲವ್ವ ಕೇಳಿಸಿಕೊಂಡಿದ್ದಳು.

ಮಾದೇವಿ ತಾನೇ ಹಿತ್ತಲಿಗೆ ಬಂದಳು. "ಚಿಗವ್ವಾ, ದೀಪಾ ಹಚ್ಚಿದ ಮ್ಯಾಲ ಹೆಪ್ಪ ಕೊಡಬಾರದಂತ."

ಹಾಗೆ ಅನ್ನಬೇಕೆಂದು ಅವಳು ಯೋಚಿಸಿ ಬಂದಿರಲಿಲ್ಲ. ಬಾಯಿಗೆ ಬಂತು. ಸಂಜೆ ಹೆಪ್ಪು ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆ ಎಂದು ತಾಯಿ ಯಾರಿಗೋ ಅಂದಿದ್ದಕ್ಕೆ, ಆಗ ಕಾಲೇಜಿನಿಂದ ಬಂದ ಇದೇ ಹುಡುಗಿ ಒಂದು ತಾಸು ಉಪನ್ಯಾಸ ಕೊಟ್ಟಿದ್ದಳು. ಬ್ಯಾಕ್ಟೀರಿಯಾಗೆ ಹಗಲು ಯಾವುದು ರಾತ್ರಿ ಯಾವುದು ಗೊತ್ತಾಗುತ್ತದೇನು ಎಂದು ಕೇಳಿದ್ದಳು. ಆ ಉಪನ್ಯಾಸವನ್ನು ಬಸಕ್ಕನೂ ಇದೇ ಗೋಡೆಗೆ ಮೊಣಕೈ ಊರಿಕೊಂಡು ಕೇಳಿ, "ನಮ್ಮ ಮಾದೇವಿ ಲಕ್ಷ್ಮೀಗೂ ಟ್ಯೂಷನ್ ಹೇಳ್ತಾಳ" ಎಂದು ಹಿಗ್ಗಿದ್ದಳು.

ಬಸಕ್ಕ ಈಗ ಏನನ್ನೂ ನೆನಪಿಸಲಿಲ್ಲ. "ಹಂಗೇನ. ಆತು ಬಿಡು, ಮುಂಜಾನೆ ಬರ್ತೀನಿ" ಎಂದಳು.

ಮುಂಜಾನೆ ಬಂದಾಗ ಮಾದೇವಿ, "ಇವತ್ತ ಶುಕ್ರವಾರ" ಎಂದಳು.

ಮೂರನೆಯ ಸಲ ಬಸಕ್ಕ ಬರಲಿಲ್ಲ.

*

ಕಂಟ್ರೋಲ್ ರೂಮ್ ಎಂದರೆ ನೇಕಾರರ ಸಹಕಾರಿ ಸಂಘದ ಮಾಳಿಗೆ. ಕೆಳಗೆ ಸೀರೆಯ ಗಂಟುಗಳು, ಮೇಲೆ ಹವಾನಿಯಂತ್ರಿತ ಕೋಣೆ. ಗೋಡೆಯಗಲದ ಪರದೆಯಲ್ಲಿ ಮೂರನೇ ಓಣಿ ಹಸಿರಾಗಿ ಹೊಳೆಯುತ್ತಿತ್ತು, ನಾಲ್ಕನೆಯದು ಬೂದುಬಣ್ಣದಲ್ಲಿ ಮಲಗಿತ್ತು.

"ಇಷ್ಟು ಸ್ವಚ್ಛ ಗೆರೆ ನಾ ಎಲ್ಲೂ ನೋಡಿಲ್ರಿ ಮಾದೇವಿ" ಎಂದರು ಡಾಕ್ಟರ್ ಹಂಚಿನಮನಿ. "ಬೇರೆ ಕಡೆ ಪ್ರಯೋಗ ಕೆಡೋದು ಇಲ್ಲೇ. ನಿಮ್ಮ ಜನಾ ಮಾತ ಕೇಳ್ತಾರ. ವರದಿ ಹಿಂಗ ಹೋದರ ನಿಮ್ಮ ಕೆಲಸಾ ಕಾಯಂ ಮಾಡಸ್ತೀನಿ, ನಾನ ಬರದು ಕೊಡತೀನಿ."

"ಸರ್, ನಾಲ್ಕನೇ ಓಣ್ಯಾಗ ಯಾರಿಗರ ಭಾಳ ತ್ರಾಸ ಆದರ, ಆ ಹೆಪ್ಪು..."

"ಯಾರಿಗೆ?"

"ಸುಮ್ನ ಕೇಳಿದೆ."

ಹಂಚಿನಮನಿ ಕೆಟ್ಟ ಮನುಷ್ಯನಲ್ಲ. ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡು ಸಮಾಧಾನದಿಂದ ಹೇಳಿದರು. "ನೋಡ್ರಿ, ಅವರ ಗುಳಿಗಿ, ಇಂಜೆಕ್ಷನ್ ನಾವೇನು ಕಸಗೊಂಡಿಲ್ಲ. ಉಲ್ಟಾ ಬಿಟ್ಟಿ ಕೊಡಾಕತ್ತೀವಿ. ಗಾಯ ಆದರ ಪಟ್ಟಿ ಕಟ್ಟಾಕ ನರ್ಸನ್ನ ಮನೀಗೆ ಕಳಸ್ತೀವಿ. ಈ ಹೆಪ್ಪು ಕೆಲಸಾ ಮಾಡ್ತದೋ ಇಲ್ಲೋ ನಮಗ ಇನ್ನೂ ಖಾತ್ರಿ ಇಲ್ಲ. ಕರುಣಾ ಬಂತಂತ ಒಬ್ಬರಿಗೆ ಕೊಟ್ಟರ ಖಾತ್ರಿ ಯಾವತ್ತೂ ಆಗಂಗಿಲ್ಲ. ಪ್ರಯೋಗ ಮುಗಿದ ಮ್ಯಾಲ ಎಲ್ಲಾರಿಗೂ ಕೊಡತೀವಿ."

ಅದರಲ್ಲಿ ತಪ್ಪು ಹುಡುಕಲು ಮಾದೇವಿಗೆ ಆಗಲಿಲ್ಲ. ತಪ್ಪು ಅವರ ಮಾತಿನಲ್ಲಿರಲಿಲ್ಲ.

ಬಸಕ್ಕನಿಗೆ ಯೋಜನೆಯ ಪರವಾಗಿ ಸಾದಾ ಹೆಪ್ಪಿನ ಇನ್ನೊಂದು ಡಬ್ಬಿ ತಲುಪಿಸುವ ಕೆಲಸ ಅವಳದೇ. ಗುಡಿ ಬಳಸಿ ನಾಲ್ಕನೇ ಓಣಿಯ ಮುಂಬಾಗಿಲಿನಿಂದ ಹೋದಳು. ಬಸಕ್ಕ ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದಳು. ಕುಣಿಯೊಳಗೆ ಇಳಿಬಿಟ್ಟ ಎಡಗಾಲಿಗೆ ಹಳೇ ಸೀರೆಯ ಅಂಚು ಸುತ್ತಿತ್ತು. ತುಳಿಯುವ ಹಲಗೆಯನ್ನು ಬೆರಳಿನಿಂದ ಒತ್ತದೆ ಹಿಮ್ಮಡಿಯಿಂದ ಗುದ್ದುತ್ತಿದ್ದಳು. ಅದಕ್ಕೇ ಮಗ್ಗದ ಸದ್ದು ಎಂದಿನಂತಿರಲಿಲ್ಲ. ಒಂದು ಬಡಿತ ಗಟ್ಟಿ, ಒಂದು ಬಡಿತ ಮೆತ್ತಗೆ.

"ಚಿಗವ್ವಾ, ಕಾಲಿಗೇನಾತು?"

"ಮೊಳಿ ನೆಟ್ಟಿತ್ತು. ನೆಟ್ಟದ್ದ ನನಗ ಗೊತ್ತಾಗಿಲ್ಲ ನೋಡು, ಅಂಥಾ ಗಟ್ಟಿಮುಟ್ಟ ಆಗೇನಿ" ಎಂದು ಬಸಕ್ಕ ನಕ್ಕಳು. ಆಮೇಲೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಮುಚ್ಚಳ ತೆರೆದು ಮೂಸಿ, ಮೆಲ್ಲಗೆ ಕೇಳಿದಳು: "ಮಾದೇವಿ, ಇದು ನಿಮ್ಮವ್ವ ತಿನ್ನೂದ ಹೌದಲ್ಲ?"

ಮಾದೇವಿ ಇಲ್ಲ ಅನ್ನಬಹುದಿತ್ತು. ಹೇಳುವಂತಿಲ್ಲ ಎಂದಾದರೂ ಅನ್ನಬಹುದಿತ್ತು. ನಿಯಮ ಬೇಡಿದ್ದು ಅಷ್ಟನ್ನೇ.

"ಎಲ್ಲಾ ಒಂದ, ಚಿಗವ್ವ" ಎಂದಳು.

ನರ್ಸನ್ನು ಕಳಿಸಲು ಆಫೀಸಿಗೆ ಫೋನ್ ಮಾಡಿದ್ದು ಮಾತ್ರ ಅವಳು ಮಾಡಿದ ಸರಿಯಾದ ಕೆಲಸ. ಆ ಒಂದು ಕೆಲಸವನ್ನು ಅವಳು ಮನಸ್ಸಿನಲ್ಲಿ ಬಹಳ ದಿನ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

*

ಬೂದು ಓಣಿಯಲ್ಲಿ ಹಸಿರು ಚುಕ್ಕೆ ಮೂಡಿದ್ದನ್ನು ಮೊದಲು ನೋಡಿದವಳೂ ಮಾದೇವಿಯೇ. ಕೊಠಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮನೆಯ ಸಂಖ್ಯೆ ನೋಡುವ ಅಗತ್ಯವೂ ಇರಲಿಲ್ಲ. ಅಳಿಸಲು ಬರುತ್ತದೆಯೇ ಎಂದು ಅವಳ ಕೈ ಹುಡುಕಿತು. ಬರುತ್ತಿರಲಿಲ್ಲ.

ಮನೆಗೆ ಬಂದು ತಾಯಿಯ ಮುಂದೆ ನಿಂತಳು.

"ಕೊಟ್ಟಿ?"

"ಕೊಟ್ಟೆ" ಎಂದಳು ನೀಲವ್ವ. "ನೀ ಆಫೀಸಿಗೆ ಹೋದ ಮ್ಯಾಲ ಕರದು ಕೊಟ್ಟೆ. ಆಕಿ ಒಲ್ಲೆ ಅಂದ್ಲು, ಹುಡುಗಿ ನೌಕರಿಗೆ ಅಡ್ಡಿ ಆಗತೈತಿ ಅಂದ್ಲು. ನಾನ ಕೈಹಿಡದು ಕೊಟ್ಟೆ."

"ನನ್ನ ನೌಕರಿ ಹೋಗತೈತಿ ಅಂತ ಆಕಿಗೆ ಗೊತ್ತಾತು, ನಿನಗ ಗೊತ್ತಾಗಲಿಲ್ಲ?"

"ಗೊತ್ತಾತು. ಆಕಿ ಕಾಲ ನೋಡೀಯೇನ? ನಾ ಸೂಜಿ ಬಿಟ್ಟು ಹೋಳಿಗಿ ತಿನ್ನಾಕತ್ತೇನಿ. ಗೋಡಿ ಆಚೆ ಆಕಿ ಕಾಲ ಕೊಳ್ಯಾಕತ್ತೈತಿ. ಆ ಹೋಳಿಗಿ ಗಂಟಲಾಗ ಇಳೀಬೇಕಲ್ಲ ಮಗಳ."

ಮರುದಿನ ಹಂಚಿನಮನಿಯವರೂ ಚುಕ್ಕೆಯನ್ನು ನೋಡಿದರು. ಯಾರು ಕೊಟ್ಟರೆಂದು ಪತ್ತೆ ಮಾಡಿ ಬರಲು ಮಾದೇವಿಯನ್ನೇ ಕಳಿಸಿದರು.

ಬಸಕ್ಕ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ನರ್ಸ್ ಕಟ್ಟಿದ ಬಿಳಿ ಪಟ್ಟಿಯ ತುದಿಯಲ್ಲಿ ಹಳದಿ ನೀರು ಒಸರಿತ್ತು. ಮಾದೇವಿ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ನಾ ಕದ್ದೇನಿ, ಅಂತ ಬರಕೋ."

"ಚಿಗವ್ವಾ..."

"ನಿಮ್ಮವ್ವ ಮಲಗಿದ್ಲು. ಗೋಡಿ ಹತ್ತಿ ಇಳದು, ಅಡಗೀಮನ್ಯಾಗ ಹೊಕ್ಕು, ಒಂದ ಚಮಚಾ ಹೆಪ್ಪ ತಗೊಂಡ ಬಂದೆ. ಆಕಿಗೇನೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ತಿಳೀತ?"

ಮಾದೇವಿ ಆ ಕಾಲನ್ನು ನೋಡಿದಳು. ಆ ಕಾಲಿನಲ್ಲಿ ಬಸಕ್ಕ ಬಚ್ಚಲಿಗೆ ಹೋಗಲು ಗೋಡೆ ಹಿಡಿದುಕೊಳ್ಳಬೇಕಿತ್ತು. ಸುಳ್ಳು ಎಂದು ಹೇಳಲು ಅವಳಿಗೆ ಬೇಕಾದಷ್ಟು ಹೊತ್ತು ಇತ್ತು. ಬಸಕ್ಕ ಆ ಹೊತ್ತನ್ನು ಅವಳಿಗೆ ಕೊಟ್ಟು ಕಾದಳು ಕೂಡ.

ಮಾದೇವಿ ತಲೆ ತಗ್ಗಿಸಿ ಎದ್ದು ಬಂದಳು. ಆಫೀಸಿನಲ್ಲಿ ಅದನ್ನೇ ಹೇಳಿದಳು.

ಹಂಚಿನಮನಿ ಕನ್ನಡಕ ತೆಗೆದರು. "ಗೋಡಿ ಎಷ್ಟ ಎತ್ತರ ಐತ್ರಿ?"

"ಎದಿಮಟಾ ಸರ್."

"ನರ್ಸ್ ನಿನ್ನೆ ಆ ಕಾಲಿನ ಫೋಟೋ ಕಳಸ್ಯಾಳ. ಆ ಕಾಲಿಲೆ ಹತ್ತಿದ್ಲು?"

ಮಾದೇವಿ ಬೂದು ಓಣಿಯ ಒಂದೇ ಹಸಿರು ಚುಕ್ಕೆಯತ್ತ ನೋಡಿದಳು. ಅವರೂ ಅದನ್ನೇ ನೋಡಿದರು. ಕಿಟಕಿಯ ಕೆಳಗೆ ಯಾರೋ ಸೀರೆಯ ಗಂಟನ್ನು ಧೊಪ್ಪೆಂದು ಇಳಿಸಿದರು. ಈಚೆಯವರು ಕೊಟ್ಟದ್ದೆಂದರೆ ಆ ಗೋಡೆ ಬಾಗಿಲಾಗುತ್ತದೆ. ಒಂದು ಮನೆಯಲ್ಲಿ ಬಾಗಿಲಿದ್ದರೆ ಎಲ್ಲ ಮನೆಗಳಲ್ಲೂ ಇರುತ್ತದೆ. ಎರಡು ಓಣಿಗಳ ಹೋಲಿಕೆಯನ್ನೇ ಯಾರೂ ನಂಬುವುದಿಲ್ಲ. ಕದ್ದದ್ದೆಂದರೆ ಒಬ್ಬಳು ಕಳ್ಳಿ, ಒಂದು ಚುಕ್ಕೆ. ಆ ಮನೆಯನ್ನು ತೆಗೆದು ಹಾಕಿದರೆ ಗೆರೆ ಮತ್ತೆ ಸ್ವಚ್ಛ. ಇದನ್ನು ಅವರು ಲೆಕ್ಕ ಹಾಕುತ್ತಿರುವುದು ಅವಳಿಗೆ ಕಾಣಿಸಿತು. ತನ್ನ ಲೆಕ್ಕವೂ ಅವರಿಗೆ ಕಾಣಿಸುತ್ತಿರಬಹುದು ಅನ್ನಿಸಿತು.

"ಕಳವು" ಎಂದರು ಹಂಚಿನಮನಿ, ಕನ್ನಡಕ ಹಾಕಿಕೊಂಡು. "ಹಂಗಾದರ ಆ ಮನಿ ಪ್ರಯೋಗದಿಂದ ಹೊರಗ."

ಹೊರಗೆ ಎಂದರೆ ಏನೆಂದು ಮುಂದಿನ ವಾರ ಗೊತ್ತಾಯಿತು. ಬಸಕ್ಕನ ಮೊಸರನ್ನು ಇಬ್ಬರು ಬಂದು ಸೀಲು ಮಾಡಿ ಒಯ್ದರು. ಕೊಳವೆಯ ಸಿಐಡಿಯನ್ನು ಬಿಚ್ಚಿದರು. ಬಿಟ್ಟಿ ಗುಳಿಗೆ ನಿಂತಿತು. ಪಟ್ಟಿ ಕಟ್ಟುವ ನರ್ಸ್ ಆ ಬಾಗಿಲು ದಾಟಿ ಪಕ್ಕದ ಮನೆಗೆ ಹೋಗತೊಡಗಿದಳು. ಹಬ್ಬದ ಹೊತ್ತಿಗೆ ದೊಡ್ಡಾಸ್ಪತ್ರೆಯಲ್ಲಿ ಬಸಕ್ಕನ ಎಡಗಾಲಿನ ಎರಡು ಬೆರಳುಗಳನ್ನು ತೆಗೆದರು. ಕೀವು ಏರದಿರಲೆಂದು ಬಲವಾದ ಆಂಟಿಬಯೋಟಿಕ್ ಕೊಟ್ಟರು. ಆ ಔಷಧಿ ಕಾಲಿನ ಕೀಟಾಣುಗಳ ಜೊತೆಗೆ ಕರುಳಿನಲ್ಲಿ ಆಗತಾನೇ ಒಕ್ಕಲಾಗಿದ್ದ ತಳಿಯನ್ನೂ ಗುಡಿಸಿ ಹಾಕಿರುತ್ತದೆಂದು ಓಣಿಯಲ್ಲಿ ತಿಳಿದಿದ್ದವಳು ಮಾದೇವಿ ಒಬ್ಬಳೇ. ನೀಲವ್ವ ಮಗಳಿಗೆ ಊಟಕ್ಕೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ತಾನು ಮಾತ್ರ ಮೊಸರು ತಿನ್ನುವುದನ್ನು ಬಿಟ್ಟಳು. ಪರದೆಯ ಮೇಲೆ ತನ್ನ ಸ್ವಂತ ಮನೆಯ ಚುಕ್ಕೆ ದಿನದಿಂದ ದಿನಕ್ಕೆ ಮಸುಕಾಗುವುದನ್ನು ಮಾದೇವಿ ಕೂತು ನೋಡಿದಳು.

*

ಪ್ರಯೋಗ ಗೆದ್ದಿತು. ಸಂಘದ ಅಂಗಳದಲ್ಲಿ ಶಾಮಿಯಾನ ಹಾಕಿ ನಾಲ್ಕನೇ ಓಣಿಯವರನ್ನು ಮನೆಮನೆಯ ಹೆಸರು ಕೂಗಿ ಕರೆದು ಹೊಸ ಹೆಪ್ಪು ಹಂಚಿದರು. ಕಾಯಂ ನೌಕರಿಯ ಆದೇಶವನ್ನು ಮಾದೇವಿಗೆ ವೇದಿಕೆಯ ಮೇಲೆಯೇ ಕೊಟ್ಟರು. ಚಪ್ಪಾಳೆ ಬಿತ್ತು. ನಿಯಮ ಮುರಿದ ಮನೆಯ ಹೆಸರನ್ನು ಯಾರೂ ಕೂಗಲಿಲ್ಲ.

ಆ ಮಧ್ಯಾಹ್ನ ಮಾದೇವಿ ಹೆಪ್ಪಿನ ಡಬ್ಬಿಯೊಂದನ್ನು ಸೆರಗಿನ ಮರೆಯಲ್ಲಿ ಹಿಡಿದು ಬಸಕ್ಕನ ಬಾಗಿಲಿಗೆ ಬಂದಳು. ಬಸಕ್ಕ ಕಟ್ಟೆಯ ಮೇಲೆ ಕೂತು ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಮಗ್ಗ ತುಳಿಯಲು ಇನ್ನು ಆಗುತ್ತಿರಲಿಲ್ಲ. ಬೇರೆಯವರ ಮಗ್ಗಕ್ಕೆ ನೂಲು ಸುತ್ತಿ ಕೊಡುವುದಷ್ಟೇ ಉಳಿದಿತ್ತು. ಆಚೀಚೆ ಕಟ್ಟೆಗಳ ಮೇಲೆ ಇನ್ನೂ ನಾಲ್ಕಾರು ಹೆಂಗಸರು ಅದೇ ಕೆಲಸ ಮಾಡುತ್ತಿದ್ದರು.

"ಚಿಗವ್ವಾ, ಇದನ್ನ ಒಳಗ ಇಟಗೋ" ಎಂದಳು ಮಾದೇವಿ ದನಿ ತಗ್ಗಿಸಿ.

ಬಸಕ್ಕ ರಾಟೆ ನಿಲ್ಲಿಸಿದಳು. ಡಬ್ಬಿಯನ್ನು ಮುಟ್ಟಲಿಲ್ಲ. "ಯಾಕ ಪಿಸುಪಿಸು ಅಂತಿ? ಮತ್ತ ಕಳವ ಮಾಡಾಕತ್ತೇವೇನು? ಕೊಡೂದಾದರ ನಾಕ ಮಂದಿ ಮುಂದ ಗಟ್ಟಿ ಕೊಡು."

ಸುತ್ತಲಿನ ರಾಟೆಗಳೂ ಒಂದೊಂದಾಗಿ ನಿಂತವು.

ಮಾದೇವಿ ಯೋಜನೆಯ ಪರವಾಗಿ ಕೊಡುತ್ತಿದ್ದೇನೆ ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು. "ಚಿಗವ್ವ ಕದ್ದಿಲ್ಲ. ನಮ್ಮವ್ವ ಕೊಟ್ಟಿದ್ಲು. ಅದಕ್ಕಿಂತ ಮೊದಲ ಚಿಗವ್ವ ಕೇಳಾಕ ಬಂದಾಗ ನಾ ಕೊಡಗೊಡಲಿಲ್ಲ. ಸಾದಾ ಹೆಪ್ಪು ಕೊಟ್ಟು ಅದ ಇದು ಅಂತ ಸುಳ್ಳ ಹೇಳಿದೆ. ಕಳವು ಅಂತ ಆಫೀಸಿನಾಗ ಹೇಳಿದಾಕಿ ನಾನ."

ಯಾರೂ ಹೌಹಾರಲಿಲ್ಲ. ಎದುರು ಕಟ್ಟೆಯ ಮುದುಕಿ ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ, "ಅದು ಆಗ್ಲೇ ಓಣಿಗೆಲ್ಲ ಗೊತ್ತೈತೆವ್ವ. ಆ ಕಾಲಿಲೆ ಗೋಡಿ ಹತ್ತೂದಂದರ ನಾವೇನ ಕುರಡ್ರ? ನಿನಗ ಬಾಯಿ ಯಾವಾಗ ಬರತೈತಿ ಅಂತ ನೋಡಾಕತ್ತಿದ್ವಿ" ಎಂದಳು.

ಇಷ್ಟು ದಿನ ಇವರೆಲ್ಲ ತನಗೆ ಬಾಗಿಲು ತೆರೆದಿದ್ದರು, ಚಹಾ ಕೊಟ್ಟಿದ್ದರು, ವೇದಿಕೆಯ ಮೇಲೆ ನಿಂತಾಗ ಚಪ್ಪಾಳೆಯನ್ನೂ ತಟ್ಟಿದ್ದರು. ಎಲ್ಲ ಗೊತ್ತಿದ್ದೇ ತಟ್ಟಿದ್ದರು.

"ನಮಗ ಹೇಳಿದ್ದಾತು" ಎಂದಳು ಬಸಕ್ಕ. "ನಾವು ಕಟ್ಟಿ ಮ್ಯಾಲಿನ ಮಂದಿ, ನಮ್ಮ ಮುಂದ ಹೇಳಿದರ ನಿನಗೇನೂ ಹೋಗಂಗಿಲ್ಲ. ಆಫೀಸಿನಾಗೂ ಹೇಳ್ತಿ?"

"ಹೇಳ್ತೀನಿ ಚಿಗವ್ವ. ನಾಳೆ..."

"ನಾಳೆ ನಾಳೆ ಅಂತ ಕೇಳಿ ಎರಡ ಬೆರಳ ಹೋದುವು ತಂಗಿ. ಉಳದ ಮೂರು ನನಗ ಬೇಕು. ಗುಳಗಿ ಬೇಕು, ಆ ನರ್ಸಬಾಯಿ ನಮ್ಮ ಬಾಗಿಲಿಗೆ ಬರಬೇಕು. ಕಳ್ಳಿ ಅಂತ ಹಚ್ಚಿದ್ದು ಅಳಸಬೇಕು." ಅವಳು ಕಂಡಿಕೆಯನ್ನು ಬುಟ್ಟಿಗೆ ಹಾಕಿ, ಗೋಡೆಗೆ ಆನಿಸಿದ್ದ ಕೋಲನ್ನು ತೆಗೆದುಕೊಂಡು ಎದ್ದಳು. "ಆಫೀಸು ಇನ್ನೂ ತೆರದಿರತೈತಿ. ನಡಿ."

ಓಣಿಯ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗು ಸರಿಮಾಡಿಕೊಂಡು ಜೊತೆಗೆ ಹೊರಟರು. ಬಸಕ್ಕ ಎಲ್ಲರಿಗಿಂತ ಮುಂದೆ, ಎರಡು ಬೆರಳಿಲ್ಲದ ಕಾಲನ್ನು ಅಡ್ಡ ಎಸೆದು, ಕೋಲೂರಿ ನಡೆದಳು. ಅವಳ ನಡಿಗೆ ಬಹಳ ನಿಧಾನ. ದಾಟಿ ಮುಂದೆ ಹೋಗುವುದು ಸುಲಭವಿತ್ತು.

ಮಾದೇವಿ ದಾಟಲಿಲ್ಲ.